ಕಾರಿಗೆ ದಾರಿ, ಕಾರ್ಮಿಕನಿಗೆ?



ಬಾಗಲೂರಿನಿಂದ ಹೊಸೂರಿನ ಕಾರ್ಖಾನೆಗಳಿಗೆ ಶಿಫ್ಟ್ ಬಸ್ಸು ಹತ್ತುವವರು ನಮ್ಮಲ್ಲಿ ಅನೇಕರು. ಮನೆಮಾತು ಕನ್ನಡವಿರಲಿ, ತೆಲುಗು, ತಮಿಳಿರಲಿ, ಕೆಲಸ ಹೋದರೆ ಬರುವ ಚಿಂತೆ ಒಂದೇ. ಅಶೋಕ್ ಲೇಲ್ಯಾಂಡ್ ಲಾರಿಗಳು ತಯಾರಾಗುವ ಊರು ಹೊಸೂರು. ಹೊಸ ವಾಹನವನ್ನು ಅಂಗಳಕ್ಕೆ ಓಡಿಸಿ ನಿಲ್ಲಿಸುವುದೂ ಒಂದು ಕೆಲಸ.

ಜರ್ಮನಿಯ ಡಿಂಗೊಲ್ಫಿಂಗ್‌ನ ಬಿಎಂಡಬ್ಲ್ಯು ಕಾರ್ಖಾನೆಯಲ್ಲಿ ಈ ಕೆಲಸವನ್ನು ಚಾಲಕರಿಲ್ಲದೆ ಮಾಡುವ ಪ್ರಯೋಗ 2022ರಲ್ಲಿ ಆರಂಭವಾಯಿತು. ದಾರಿಯುದ್ದಕ್ಕೂ ಅಳವಡಿಸಿದ ಸೆನ್ಸರ್‌ಗಳು ಕಾರಿನ ಪರವಾಗಿ ನೋಡಿ ಅದನ್ನು ನಡೆಸುತ್ತವೆ. ವಿಜ್ಞಾನ ಓದಿದ ನಮಗೆ ಮೊದಲು ಬೆರಗಾಯಿತು. ಆಮೇಲೆ ಕೇಳಿಕೊಂಡೆವು: ಆ ಸೀಟಿನಲ್ಲಿ ಕೂರುತ್ತಿದ್ದವನು ಎಲ್ಲಿಗೆ ಹೋಗಬೇಕು?

ಯಂತ್ರವೇ ಬೇಡವೆನ್ನಲಾರೆವು. ದಣಿವು, ಅಪಘಾತ ತಗ್ಗಿದರೆ ಒಳ್ಳೆಯದೇ. ಆದರೆ ಕೆಲಸ ಇರುವುದು ಮನುಷ್ಯನಿಗಾಗಿ ಎಂದು ಸಂತ ಎರಡನೇ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಕಲಿಸಿದ್ದಾರೆ. ಕಾರು ದಾರಿ ತಪ್ಪದಿರಲೆಂದು ಅಷ್ಟು ಹಣ ಹೂಡುವವರು, ಕೆಲಸ ತಪ್ಪಿದವನ ದಾರಿಗೂ ಹೂಡಬೇಡವೇ? ತರಬೇತಿ, ಬೇರೆ ಕೆಲಸ, ಅದು ಸಿಗುವವರೆಗೆ ಸಂಬಳ, ಇವು ಅವನಿಗೆ ನ್ಯಾಯವಾಗಿ ಸಲ್ಲಬೇಕಾದವು.

ನಮ್ಮ ಪಾಲೂ ಇದೆ. ಕಂಪ್ಯೂಟರ್ ಕಲಿತ ನಾವು, ಪೂಜೆಯಲ್ಲಿ ನಮ್ಮ ಪಕ್ಕ ಕೂರುವ ಅಣ್ಣನಿಗೆ ಏನು ಕಲಿಸಿದ್ದೇವೆ?