ಹಾಸಿಗೆಯನ್ನು ಹೊರುವವರು ಯಾರು?

ಮನೆಯಲ್ಲಿ ಹುಟ್ಟಿದ ಮಗುವು ನಡೆಯಲಾರದೆ, ಮಾತಾಡಲಾರದೆ ಅಥವಾ ಬುದ್ಧಿ ಬೆಳೆಯದೆ ಇರುವುದಾದರೆ, ಇದು ಯಾರ ಪಾಪದ ಫಲವೆಂಬ ಪ್ರಶ್ನೆಯು ನಮ್ಮ ಊರುಗಳಲ್ಲಿ ಮೊದಲು ಹುಟ್ಟುತ್ತದೆ. ಪೂರ್ವಜನ್ಮದ ಕರ್ಮವೆಂದು ಕೆಲವರೂ, ಗ್ರಹಣದ ದೋಷವೆಂದು ಕೆಲವರೂ, ತಾಯಿಯ ಕಾಲ್ಗುಣವೆಂದು ಹಲವರೂ ಹೇಳುವರು. ಕ್ರಿಸ್ತನ ಸಭೆಗೆ ಸೇರಿದ ನಾವು ಈ ಮಾತುಗಳನ್ನು ಬಿಟ್ಟಿದ್ದೇವೆ. ಆದರೆ ಅವುಗಳ ಸ್ಥಳದಲ್ಲಿ ಬೇರೊಂದು ಮಾತು ನಮ್ಮೊಳಗೆ ನುಸುಳಿದೆ. ಅದೇನಂದರೆ, ತಂದೆತಾಯಿಗಳಿಗೆ ನಂಬಿಕೆ ಸಾಲದು, ಸಾಕಷ್ಟು ಇದ್ದಿದ್ದರೆ ಪ್ರಾರ್ಥನೆಯಿಂದ ಮಗುವು ಗುಣವಾಗುತ್ತಿತ್ತು ಎಂಬುದೇ. ರೋಗಶಾಂತಿಯನ್ನು ಕಂಡು ಸುವಾರ್ತೆಗೆ ಬಂದವರು ನಮ್ಮಲ್ಲಿ ಅನೇಕರಿರುವದರಿಂದ ಇದು ಭಕ್ತಿಯ ಮಾತಿನಂತೆ ಕೇಳಿಸುತ್ತದೆ. ಇದು ನ್ಯಾಯವೋ ಎಂದು ವಿಚಾರಿಸೋಣ.

ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆಯನ್ನು ಹಾಕಿದಾಗ, ಕರ್ತನು ಅವನ ಮೇಲಾಗಲಿ ಅವನ ಹೆತ್ತವರ ಮೇಲಾಗಲಿ ಅಪರಾಧವನ್ನು ಹೊರಿಸಲಿಲ್ಲವೆಂದು ಯೋಹಾನನು ಒಂಭತ್ತನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಕಪೆರ್ನೌಮಿನಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದಾಗಲಾದರೋ, ಹೊತ್ತವರ ನಂಬಿಕೆಯನ್ನು ಆತನು ನೋಡಿದನು. ಹಾಗಾದರೆ ನಂಬಿಕೆಯ ಪರೀಕ್ಷೆಯು ಮೊದಲು ನೆರೆಯವರಾದ ನಮ್ಮದೇ. ದಾವೀದನ ಕಾಲದ ಮೆಫೀಬೋಶೆತನನ್ನೂ ನೆನೆಯಿರಿ. ಅವನು ಐದು ವರುಷದವನಾಗಿದ್ದಾಗ ಬಿದ್ದು ಕುಂಟನಾದನು, ಕಡೆಯ ವರೆಗೂ ಕುಂಟನಾಗಿಯೇ ಇದ್ದನು. ಆದರೂ ಅರಸನ ಪಂಕ್ತಿಯಲ್ಲಿ ನಿತ್ಯವೂ ಅವನಿಗೆ ಸ್ಥಳವಿತ್ತು.

ಹಾಗಾದರೆ ಗುಣಕ್ಕಾಗಿ ಪ್ರಾರ್ಥಿಸಬಾರದೋ ಎಂದು ಕೇಳುವಿರಿ. ಅವಶ್ಯವಾಗಿ ಪ್ರಾರ್ಥಿಸಬೇಕು. ಆದರೆ ಆ ಪ್ರಾರ್ಥನೆಯನ್ನು ತಾಯಿಯನ್ನು ತೂಗುವ ತಕ್ಕಡಿಯಾಗಿ ಮಾಡಬಾರದು. ಹೆರಿಗೆಯಲ್ಲಿ ಉಸಿರು ತಡವಾದದ್ದು, ಕಾಮಾಲೆಯಾಗಲಿ ಜ್ವರವಾಗಲಿ ಮೆದುಳಿಗೆ ತಗಲಿದ್ದು ಮುಂತಾದ ಕಾರಣಗಳನ್ನು ವೈದ್ಯರು ತೋರಿಸುತ್ತಾರೆ. ಅಕ್ಕನ ಮಗಳನ್ನು ಮದುವೆಯಾಗುವಂಥ ಹತ್ತಿರದ ಸಂಬಂಧದಲ್ಲಿ ಈ ಅಪಾಯವು ಹೆಚ್ಚು. ಇದನ್ನು ಮದುವೆಗೆ ಮುಂಚೆ ಬೋಧಿಸಬೇಕೇ ಹೊರತು, ಮಗು ಹುಟ್ಟಿದ ಮೇಲೆ ಹಂಗಿಸಬಾರದು.

ಇಂಥ ಮನೆಯ ಭಾರವನ್ನು ನೋಡಿರಿ. ಗಂಗಾವತಿಯ ಕಡೆ ತುಂಗಭದ್ರೆಯ ಕಾಲುವೆಯಿಂದ ಭತ್ತ ಬೆಳೆಯುತ್ತದೆ. ಕುಷ್ಟಗಿ, ಯಲಬುರ್ಗಾ ಸೀಮೆಯವರೋ ಬಹುಮಟ್ಟಿಗೆ ಮಳೆಯನ್ನೇ ನಂಬಿದವರು. ಅದು ತಪ್ಪಿದರೆ ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ದುಡಿಯಲು ಗುಳೆ ಹೋಗುತ್ತಾರೆ. ಎತ್ತಿ ಉಣಿಸಬೇಕಾದ ಮಗುವಿರುವ ತಾಯಿಯು ಗುಳೆ ಹೋಗಲಾರಳು, ಇಲ್ಲಿಯೂ ಕೂಲಿಗೆ ಹೋಗಲಾರಳು. ಭಾನುವಾರದ ಆರಾಧನೆಗೂ ಬಾರದಿದ್ದರೆ, ಅವಳ ಭಕ್ತಿ ತಣ್ಣಗಾಯಿತೆಂದು ನಾವು ಹೇಳಿಬಿಡುತ್ತೇವೆ.

ಡಾಕ್ಟರ್ ಐಡಾ ಸ್ಕಡರಮ್ಮನವರು 1900ರಲ್ಲಿ ವೇಲೂರಿನಲ್ಲಿ ಆರಂಭಿಸಿದ ಮಿಶನ್ ವೈದ್ಯಸೇವೆಯಲ್ಲಿ ನಮಗೆ ಒಂದು ಪಾಠವಿದೆ. ಅಲ್ಲಿ ಬುದ್ಧಿ ಬೆಳೆಯದ ಮಕ್ಕಳಿಗಾಗಿ ನಂಬಿಕ್ಕೈ ನಿಲಯಂ, ಅಂದರೆ ನಂಬಿಕೆಯ ಮನೆ, ಎಂಬ ವಿಭಾಗವಿದೆ. ಅಲ್ಲಿಯವರು ಮಗುವಿನ ಸಂಗಡ ಹೆತ್ತವರನ್ನೂ ಇರಿಸಿಕೊಂಡು, ಉಣ್ಣುವದನ್ನೂ ಉಡುವದನ್ನೂ ಕಲಿಸುವ ರೀತಿಯನ್ನು ಅವರಿಗೆ ಹೇಳಿಕೊಡುತ್ತಾರೆ. ಅದೇ ಆಸ್ಪತ್ರೆಯ ಮೇರಿ ವರ್ಗೀಸಮ್ಮನವರು 1954ರ ಅಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳಕೊಂಡರು. ಗಾಲಿಕುರ್ಚಿಯಲ್ಲಿ ಕೂತೇ ಅಂಗವಿಕಲರ ಪುನರ್ವಸತಿಯ ವಿಭಾಗವನ್ನು ಕಟ್ಟಿದರು. ಅವರ ಕಾಲುಗಳು ಗುಣವಾಗಲಿಲ್ಲ. ಅದಕ್ಕಾಗಿ ಅವರ ನಂಬಿಕೆ ಸಾಲದೆಂದು ಯಾರು ಹೇಳಿಯಾರು?

ಹಣವಿಲ್ಲದ ಚಿಕ್ಕ ಸಭೆಯೂ ಈ ಕೆಲಸಗಳನ್ನು ಮಾಡಬಹುದು:

1. ವಾರದಲ್ಲಿ ಒಂದು ದಿನ ಯಾರಾದರೊಬ್ಬರು ಮಗುವಿನ ಬಳಿ ಕೂತು, ತಾಯಿಯನ್ನು ಕೂಲಿಗೋ ಸಂತೆಗೋ ಕಳುಹಿಸಲಿ.

2. ಗುರುತಿನ ಚೀಟಿಗಾಗಿ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಅಲೆಯುವ ತಂದೆಯ ಸಂಗಡ ಓದು ಬಲ್ಲವರೊಬ್ಬರು ಹೋಗಲಿ. 2016ರ ಕಾಯಿದೆಯು 21 ವಿಧದ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ನ್ಯೂನತೆಯು ನೂರಕ್ಕೆ 40ಕ್ಕೆ ಕಡಿಮೆಯಲ್ಲವೆಂದು ವೈದ್ಯರು ಬರೆದುಕೊಟ್ಟ ಮಕ್ಕಳಿಗೆ ಆರರಿಂದ ಹದಿನೆಂಟು ವಯಸ್ಸಿನ ವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ.

3. ಮಗುವನ್ನು ಆರಾಧನೆಗೆ ಎತ್ತಿಕೊಂಡು ಬನ್ನಿರಿ. ಅದು ಕೂಗಿದರೆ ಯಾರೂ ತಿರುಗಿ ನೋಡದಿರಲಿ.

ಸಹೋದರರೇ, ಸಹೋದರಿಯರೇ, ಹಾಸಿಗೆಯ ನಾಲ್ಕು ಮೂಲೆಗಳಿಗೆ ನಾಲ್ಕು ಜನರು ಬೇಕು. ನಮ್ಮ ಊರಿನಲ್ಲಿ ಒಬ್ಬ ತಾಯಿಯು ನಾಲ್ಕನ್ನೂ ಒಬ್ಬಳೇ ಹಿಡಿದಿದ್ದಾಳೋ ಎಂದು ಈ ವಾರವೇ ವಿಚಾರಿಸಿ, ಒಂದೊಂದು ಮೂಲೆಗೆ ಕೈಕೊಡಿರಿ.