ಇಂದಿನ ಚಿಂತನೆ: ತಪ್ಪು ನನ್ನದೇ

 

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ನಮ್ಮ ಮಕ್ಕಳಿಗೆ ಬೆಂಗಳೂರಿನ ರೈಲೇ ದಾರಿ. ಹಾಗೆ ಓಡಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಾಫ್ಟ್‌ವೇರ್ ಡೆವಲಪರ್. ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕ. ಕಣ್ಣು ಕೆಂಪಗಿತ್ತು.

"ರಾತ್ರಿಯೆಲ್ಲ ಒಂದು ಬಗ್ ಹುಡುಕಿದೆ ಸಾರ್. ನೋಡಿದರೆ ನಾನೇ ಬರೆದ ಸಾಲು. ‘ತಪ್ಪು ನನ್ನದೇ, ಸರಿಮಾಡಿದ್ದೇನೆ’ ಅಂತ ಟೀಮ್ ಚಾಟ್‌ನಲ್ಲಿ ಹಾಕುವಾಗ ಕೈ ನಡುಗಿತು. ಬೇರೆಯವರು ತಪ್ಪಿದರೆ ಅದು ಬಗ್. ನಾನು ತಪ್ಪಿದರೆ ಮೀಸಲಾತಿ ಅಂತಾರೆ."

"ಆದರೂ ಹಾಕಿದೆಯಾ?"

"ಹಾಕಿದೆ ಸಾರ್."

ನಾನು ತಲೆ ತಗ್ಗಿಸಿದೆ. ಹೋದ ವಾರ ಒಂದು ಮಗುವಿನ ಸರಿಯುತ್ತರಕ್ಕೆ ಕೆಂಪು ಗೀಟು ಹಾಕಿದ್ದೆ. ಗೊತ್ತಾದ ಮೇಲೂ ಸುಮ್ಮನಿದ್ದೆ. ನನ್ನದೂ ಅದೇ ಭಯ.

ಮಾಡುವ ಮುನ್ನ, ಮಾಡುವಾಗ, ಮಾಡಿದ ಮೇಲೆ ಪ್ರತಿ ಕೆಲಸವನ್ನೂ ಪರೀಕ್ಷಿಸಿಕೋ ಎಂದು ಬುದ್ಧರು ಮಗ ರಾಹುಲನಿಗೆ ಕಲಿಸಿದರು. ಕೆಲಸದಲ್ಲೋ ಮಾತಿನಲ್ಲೋ ತಪ್ಪಿದ್ದರೆ ತಿಳಿದವರ ಮುಂದೆ ಹೇಳಿಕೊಂಡು ಮುಂದಕ್ಕೆ ಎಚ್ಚರವಾಗಿರಬೇಕು. ಅಲ್ಲಿ ಪರೀಕ್ಷೆ ಕೃತ್ಯಕ್ಕೆ, ಹುಟ್ಟಿಗಲ್ಲ. ಜಾತಿಯ ಕಣ್ಣಿಗೆ ಹೆದರಿ ತಪ್ಪು ಮುಚ್ಚಿಟ್ಟರೆ, ಆ ಕಣ್ಣನ್ನೇ ನಮ್ಮ ಗುರು ಮಾಡಿಕೊಂಡಂತೆ.

ಇವತ್ತು ಆ ಮಗುವಿಗೆ ತರಗತಿಯ ಎದುರೇ ಹೇಳುತ್ತೇನೆ. ನೀವು ಯಾರಿಗೆ ಹೇಳಬೇಕಿದೆ?

ಜೈಭೀಮ್.