ತುಳುಕದ ಕೊಡ

ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯದಂಥ ಹಳೆಯ ಕನ್ನಡ ಸಭೆಗಳಲ್ಲಿ ಆರಾಧನೆಯು ಕ್ರಮವಾಗಿಯೂ ಶಾಂತವಾಗಿಯೂ ನಡೆಯುವುದು. ಅದೇ ಪಟ್ಟಣದ ಬೇರೆ ಪ್ರಾರ್ಥನಾಮಂದಿರಗಳಲ್ಲಿ ಜನರು ಕೈಗಳನ್ನೆತ್ತಿ, ಕಣ್ಣೀರು ಸುರಿಸಿ, ಅನ್ಯಭಾಷೆಗಳಲ್ಲಿ ಮೊರೆಯಿಡುವರು. ಪವಿತ್ರಾತ್ಮನು ಎಲ್ಲಿ ಕಾರ್ಯಮಾಡುತ್ತಾನೆಂದು ನಾವು ಹೇಗೆ ತಿಳಿಯತಕ್ಕದ್ದು?

ಈ ಪ್ರಶ್ನೆಯು ಹೊಸದಲ್ಲ. 1917ರಲ್ಲಿ ಚೀನದೇಶದ ಬೀಜಿಂಗಿನಲ್ಲಿ ವೇ ಎನ್‌ಬೋ ಎಂಬ ಬಟ್ಟೆಯ ವ್ಯಾಪಾರಿಯು ಆರಂಭಿಸಿದ ‘ಸತ್ಯ ಯೇಸು ಸಭೆ’ಯು, ಆತ್ಮನನ್ನು ಹೊಂದಿದವನಿಗೆ ಅನ್ಯಭಾಷೆಯೇ ಗುರುತೆಂದು ಬೋಧಿಸಿತು. ಅದಕ್ಕೂ ಮುಂಚೆ, 1905ರಲ್ಲಿ, ಪುಣೆಯ ಸಮೀಪದ ಕೇಡಗಾಂವದ ಮುಕ್ತಿ ಆಶ್ರಮದಲ್ಲಿ ದೊಡ್ಡ ಉಜ್ಜೀವನವುಂಟಾಯಿತು. ಬಳಿಕ ಅಲ್ಲಿಯೂ ಅನ್ಯಭಾಷೆಗಳು ಕೇಳಿಬಂದವು. ಅದನ್ನು ನಡಿಸುತ್ತಿದ್ದವರು ನಮ್ಮ ಕನ್ನಡ ಸೀಮೆಯ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು. ಅವರು ಆ ವರವನ್ನು ತಡೆಯಲಿಲ್ಲ; ಅದೊಂದೇ ಗುರುತೆಂದು ಒಪ್ಪಲೂ ಇಲ್ಲ. ಪ್ರೀತಿಯಿಲ್ಲದೆ ಗುರುತು ಸಾಲದೆಂಬುದು ಅವರ ಅಭಿಪ್ರಾಯ. ಕ್ಷಾಮದಿಂದ ಪಾರಾಗಿ ಬಂದಿದ್ದ ಹುಡುಗಿಯರಿಗೆ ಅನ್ನವನ್ನೂ ವಿದ್ಯೆಯನ್ನೂ ಕೈಕೆಲಸವನ್ನೂ ಕೊಟ್ಟ ಮನೆಯಲ್ಲಿ ಆಡಿದ ಮಾತಾದದರಿಂದ ಅದಕ್ಕೆ ತೂಕವುಂಟು.

ಆದರೆ ಶಾಂತವಾಗಿ ಕೂತಿರುವ ನಾವು ಇದನ್ನು ಕೇಳಿ ಹಿಗ್ಗಬಾರದು. ತುಂಬಿದ ಕೊಡ ತುಳುಕದೆಂಬ ಗಾದೆ ನಮಗೆ ಪ್ರಿಯವಾದದ್ದು. ಬರಿದಾದ ಕೊಡವೂ ತುಳುಕದೆಂಬುದನ್ನು ಮರೆಯುತ್ತೇವೆ. ಬಾಯಾರಿದವನು ಬೊಗಸೆಯೊಡ್ಡಿದಾಗಲೇ ಕೊಡದ ನಿಜವು ತಿಳಿಯುವುದು. ಆರಾಧನೆಯು ಗಟ್ಟಿಯಾಗಿಯೇ ನಡೆದಿರಲಿ, ಮೆಲ್ಲಗೆಯೇ ನಡೆದಿರಲಿ, ಮನೆಗೆ ಹಿಂದಿರುಗಿದ ಮೇಲೆ ನೆರೆಯವನ ಸಾಲವನ್ನು ತೀರಿಸಿದೆವೋ, ಮುನಿದ ಸಹೋದರನೊಡನೆ ಸಮಾಧಾನವಾದೆವೋ, ಹಸಿದವರಿಗೆ ಅನ್ನವಿಟ್ಟೆವೋ ಎಂದು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳೋಣ.